ಮಾಯಾಲೋಕದ ಮಂಕು ನಾಯಕರು

ರಜೆಯಲ್ಲಿ ಮಕ್ಕಳನ್ನು ಫ್ಯಾಂಟಸಿ ಸಿನಿಮಾಗೆ ಕರೆದುಕೊಂಡು ಹೋದಿರಿ ಅನ್ನಿ. ಬನ್ನೇರುಘಟ್ಟ ರಸ್ತೆಯ ಮಾಲ್‌ನಿಂದ ಜಯನಗರಕ್ಕೆ ವಾಪಸಾಗುವಾಗ ಆಟೊದಲ್ಲಿ ಒಂದೇ ಪ್ರಶ್ನೆ ಕೇಳಿ: "ಆ ಹುಡುಗ ಎಂಥವನು?" ಡ್ರ್ಯಾಗನ್ ಎಷ್ಟು ದೊಡ್ಡದಿತ್ತು, ಮಾಂತ್ರಿಕನ ಕೋಟೆ ಹೇಗೆ ಕುಸಿಯಿತು ಎಂದು ಮಗು ಮನೆ ಬರುವ ತನಕ ಹೇಳುತ್ತಲೇ ಇರುತ್ತದೆ. ಹುಡುಗನ ವಿಷಯ ಬಂದಾಗ ಮಾತ್ರ "ಒಳ್ಳೆಯವನು" ಎಂದು ಸುಮ್ಮನಾಯಿತೋ, ಆ ಸಿನಿಮಾದ ನಾಯಕಪಾತ್ರ ಸೊರಗಿದೆ.

ದೊಡ್ಡವರ ಸಿನಿಮಾದಲ್ಲಿ ಹೀರೊ ಪೊಳ್ಳಾಗಿದ್ದರೆ ಇಂಟರ್ವಲ್‌ಗೆ ಮೊದಲೇ ಗೊಣಗುವ ನಾವು, ಮಕ್ಕಳ ಸಿನಿಮಾ ಅಂದ ಕೂಡಲೇ ರಿಯಾಯಿತಿ ಕೊಟ್ಟುಬಿಡುತ್ತೇವೆ. ಬಣ್ಣ ಚೆನ್ನಾಗಿದೆ, ಗ್ರಾಫಿಕ್ಸ್ ಚೆನ್ನಾಗಿದೆ, ಮಕ್ಕಳು ನಕ್ಕರು, ಸಾಕು. ಈ ಔದಾರ್ಯ ಮಕ್ಕಳಿಗೆ ಮಾಡುವ ಅನ್ಯಾಯ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ಮಗುವಿಗೆ ಪಾತ್ರದ ತೂಕ ಚೆನ್ನಾಗಿಯೇ ಗೊತ್ತು. ಹುಲಿ ಬಿಟ್ಟು ಕಳಿಸಿದ ಮೇಲೆ ಹಸು ವಾಪಸು ಹೋಗಲೇಬೇಕೆಂದು ಯಾರೂ ಹಗ್ಗ ಕಟ್ಟಿ ಎಳೆಯಲಿಲ್ಲ. ಅದು ತಾನಾಗಿ ಹೋಯಿತು. ಆ ಹೋಗುವಿಕೆಯಲ್ಲೇ ಇಡೀ ಕಥೆ ಇದೆ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ದುರ್ಬಲ ಮಗು ಬೇರೆ, ದುರ್ಬಲ ಪಾತ್ರ ಬೇರೆ. ಹೆದರುವ, ಅಳುವ, ಹಟ ಹಿಡಿಯುವ, ಸುಳ್ಳು ಹೇಳುವ ಮಗು ಎರಡೂವರೆ ಗಂಟೆಯ ಕಥೆಯನ್ನು ಸಲೀಸಾಗಿ ಹೊರಬಲ್ಲದು. "ಹುಡುಗಿ ಬರೀ ಅಳುಬುರುಕಿ" ಎನ್ನುವುದು ವಿಮರ್ಶೆಯಲ್ಲ. ಅವಳಿಗೆ ಏನು ಬೇಕಿತ್ತು, ಅದಕ್ಕಾಗಿ ಏನು ತೀರ್ಮಾನ ಮಾಡಿದಳು, ಆ ತೀರ್ಮಾನಕ್ಕೆ ಏನು ತೆತ್ತಳು ಎಂದು ಕೇಳಬೇಕು. ಮೂರಕ್ಕೂ ಉತ್ತರ ಸಿಗದಿದ್ದರೆ, ಎಷ್ಟೇ ಧೈರ್ಯದ ಸಂಭಾಷಣೆ ಹೇಳಿಸಿದರೂ ಪಾತ್ರ ಟೊಳ್ಳು.

ಇದನ್ನು ಕಲಿಯಲು ನಮ್ಮಲ್ಲೇ ಒಂದು ಸೊಗಸಾದ ಸಿನಿಮಾ ಇದೆ: 1983ರ 'ಭಕ್ತ ಪ್ರಹ್ಲಾದ'. ವಿಜಯ್ ನಿರ್ದೇಶನ. ಅಣ್ಣಾವ್ರು ಹಿರಣ್ಯಕಶಿಪು, ಆಗ ಲೋಹಿತ್ ಎಂಬ ಹೆಸರಿದ್ದ ಪುನೀತ್ ಪ್ರಹ್ಲಾದ. ದೊಡ್ಡವರಿಗೆ ಇದು ಪೌರಾಣಿಕ ಚಿತ್ರ, ಆದರೆ ಮುಂದಿನ ಸಾಲಿನಲ್ಲಿ ಕೂತ ಮಗುವಿಗೆ ಅಪ್ಪಟ ಮಾಯಾಲೋಕ. ಚಿತ್ರಕಥೆ ಬರೆಯುವವರಿಗೆ ಪ್ರಹ್ಲಾದನಷ್ಟು ಅಪಾಯದ ಪಾತ್ರ ಇನ್ನೊಂದಿಲ್ಲ. ವಿಷ ಅವನನ್ನು ಕೊಲ್ಲುವುದಿಲ್ಲ, ಆನೆ ತುಳಿಯುವುದಿಲ್ಲ, ಬೆಂಕಿ ಸುಡುವುದಿಲ್ಲ. ಕೊನೆಗೆ ಕಂಬ ಸೀಳಿ ಬಂದು ಲೆಕ್ಕ ಚುಕ್ತಾ ಮಾಡುವವನೂ ನರಸಿಂಹನೇ. ಹುಡುಗ ಕೈಮುಗಿದು ನಿಂತರೆ ಸಾಕು ಅನ್ನುವ ಹಾಗಿದೆ. ಮೇಲಾಗಿ ಎದುರಿಗೆ ಗದೆ ಹಿಡಿದು ಗರ್ಜಿಸುವವರು ರಾಜ್‌ಕುಮಾರ್. ಹುಡುಗ ಕೊಚ್ಚಿಕೊಂಡು ಹೋಗಬೇಕಿತ್ತು.

ಹೋಗುವುದಿಲ್ಲ. ಏಕೆಂದರೆ ಪ್ರತಿ ಶಿಕ್ಷೆಗೂ ಮುಂಚೆ ಅಪ್ಪ ಒಂದು ಬಾಗಿಲು ತೆರೆದಿಟ್ಟಿರುತ್ತಾನೆ: ಹರಿಯ ಹೆಸರು ಬಿಡು, ನನ್ನ ಮಗನಾಗಿರು. ಪ್ರತಿ ಸಲವೂ ಹುಡುಗ ಒಲ್ಲೆ ಅನ್ನುತ್ತಾನೆ. ಪವಾಡ ಬರುವುದು ಆಮೇಲೆ. ಒಲ್ಲೆ ಎಂದದ್ದು ಅವನದೇ. ಭಾಗವತದ ಕಥೆಯಲ್ಲಿ ಪ್ರಹ್ಲಾದ ಇನ್ನೂ ಗಟ್ಟಿಗ. ಗುರುಗಳಿಲ್ಲದ ಹೊತ್ತಿನಲ್ಲಿ ಆಟಕ್ಕೆ ಕರೆದ ರಾಕ್ಷಸರ ಮಕ್ಕಳನ್ನೇ ಕೂರಿಸಿಕೊಂಡು ಮಾತಾಡಿ ಇಡೀ ಪಾಠಶಾಲೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಆ ಪ್ರಸಂಗದಲ್ಲಿ ಪವಾಡದ ಸುಳಿವೇ ಇಲ್ಲ. ಎಲ್ಲ ಮುಗಿದ ಮೇಲೆ ನರಸಿಂಹ ವರ ಕೇಳು ಎಂದಾಗ, ಅಪ್ಪನ ಪಾಪ ಕಳೆಯಲಿ ಎಂದು ಬೇಡುತ್ತಾನೆ. ಅವನು ಕಳೆದುಕೊಂಡದ್ದು ಯಾರನ್ನು ಎಂಬುದು ಆಗ ನೆನಪಾಗಿ ಗಂಟಲು ಕಟ್ಟುತ್ತದೆ.

ಬೆನ್ನಿಗೇ 1985ರ 'ಬೆಟ್ಟದ ಹೂವು' ನೋಡಿ. ಎನ್. ಲಕ್ಷ್ಮೀನಾರಾಯಣ ನಿರ್ದೇಶನ, ಪುನೀತ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಇದರಲ್ಲಿ ಮಾಯೆಯ ಸೋಂಕಿಲ್ಲ. ಬಡ ಹುಡುಗ ರಾಮುಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ. ಕಾಡಿನಿಂದ ಹೂ ತಂದುಕೊಟ್ಟು ಕಾಸು ಕೂಡಿಸುತ್ತಾನೆ, ಕೊನೆಗೆ ಆ ಕಾಸಿಗೆ ಮನೆಯವರಿಗಾಗಿ ಕಂಬಳಿ ಬರುತ್ತದೆ, ಪುಸ್ತಕ ಅಂಗಡಿಯಲ್ಲೇ ಉಳಿಯುತ್ತದೆ. ಆಸೆ, ತೀರ್ಮಾನ, ತೆತ್ತ ಬೆಲೆ, ಮೂರೂ ಬರಿಗಣ್ಣಿಗೆ ಕಾಣುತ್ತವೆ. ಇದನ್ನು ನೋಡಿದ ಕಣ್ಣಿಂದ ಯಾವುದೇ ಮಾಂತ್ರಿಕ ಚಿತ್ರ ನೋಡಿ. ಮಂತ್ರ ತೆಗೆದಿಟ್ಟರೆ ಪಾತ್ರದಲ್ಲಿ ಏನು ಉಳಿಯುತ್ತದೆ ಎಂದು ಗೊತ್ತಾಗುತ್ತದೆ.

ಹೊರಗಿನ ಚಿತ್ರಗಳಲ್ಲಿ ಮಿಯಾಜಾಕಿಯ 'ಸ್ಪಿರಿಟೆಡ್ ಅವೇ' (2001) ನನಗೆ ಅಚ್ಚುಮೆಚ್ಚು. ಹತ್ತು ವರ್ಷದ ಚಿಹಿರೊ ಶುರುವಿನಲ್ಲಿ ಮುಖ ಊದಿಸಿಕೊಂಡ, ಎಲ್ಲದಕ್ಕೂ ರಗಳೆ ತೆಗೆಯುವ ಹುಡುಗಿ. ಅಪ್ಪ ಅಮ್ಮ ಹಂದಿಗಳಾದ ಮೇಲೆ ಕೆಲಸ ಕೇಳಿಕೊಂಡು ಸ್ನಾನಗೃಹದ ಬಾಯ್ಲರ್ ಕೋಣೆಗೆ ಇಳಿಯುತ್ತಾಳೆ. ಮಸಿಯ ಪುಟ್ಟ ಜೀವಿಗಳು ಕಲ್ಲಿದ್ದಲು ಹೊತ್ತು ಸಾಲಾಗಿ ಹೋಗುತ್ತಿವೆ. ಒಂದು ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ಇವಳು ಆ ಕಲ್ಲಿದ್ದಲನ್ನು ಎತ್ತುತ್ತಾಳೆ, ಸೊಂಟ ಬಾಗುತ್ತದೆ, ಎಲ್ಲಿ ಇಡಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ಹಿಡಿದ ಕೆಲಸ ಮುಗಿಸು ಎಂದು ಬಾಯ್ಲರ್ ನೋಡಿಕೊಳ್ಳುವ ಮುದುಕ ಗದರುತ್ತಾನೆ. ತಡವರಿಸುತ್ತಾ ಹೋಗಿ ಒಲೆಯ ಬಾಯಿಗೆ ಹಾಕುತ್ತಾಳೆ. ಒಂದೆರಡು ನಿಮಿಷದ ದೃಶ್ಯ, ಮಾಡಿದ್ದು ಒಂದು ತುಂಡು ಕಲ್ಲಿದ್ದಲು ಹೊರುವ ಕೆಲಸ. ಅಷ್ಟರಲ್ಲೇ ಆ ಹುಡುಗಿ ನಮ್ಮವಳಾಗುತ್ತಾಳೆ.

ಇದರ ಪಕ್ಕಕ್ಕೆ 2005ರ 'ನಾರ್ನಿಯಾ' ಇಟ್ಟು ನೋಡಿ. ಹಿರಿಯಣ್ಣ ಪೀಟರ್ ರಾಜನಾಗುತ್ತಾನೆ ಎಂದು ಭವಿಷ್ಯವಾಣಿ ಮೊದಲೇ ಹೇಳಿಬಿಟ್ಟಿದೆ. ತೋಳ ಮೈಮೇಲೆ ಹಾರಿದಾಗ ಅವನು ಕತ್ತಿ ಹಿಡಿದು ನಿಂತಿರುತ್ತಾನೆ, ತೋಳವೇ ಬಂದು ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ವೀರನೆಂಬ ಬಿರುದು ಮಾತ್ರ ಪೀಟರ್‌ಗೆ. ತಮ್ಮ ಎಡ್ಮಂಡ್ ಸಿಹಿತಿಂಡಿಯ ಆಸೆಗೆ ಒಡಹುಟ್ಟಿದವರನ್ನೇ ಮೋಸ ಮಾಡಿ, ಪಶ್ಚಾತ್ತಾಪಪಟ್ಟು, ಯುದ್ಧದಲ್ಲಿ ಮಾಟಗಾತಿಯ ಮಂತ್ರದಂಡ ಮುರಿದು ಇರಿತಕ್ಕೆ ಸಿಗುತ್ತಾನೆ. ಪೋಸ್ಟರ್ ಏನೇ ಹೇಳಲಿ, ಆ ಚಿತ್ರದ ಜೀವ ಅವನೇ. "ನಾಯಕ ಮಂಕು" ಎನಿಸಿದಾಗ ಪಕ್ಕದ ಪಾತ್ರಗಳತ್ತ ಕಣ್ಣು ಹಾಯಿಸಿ. ಎಷ್ಟೋ ಸಲ ಕಥೆಯ ಉಸಿರು ಅಲ್ಲಿ ಅಡಗಿರುತ್ತದೆ.

ಮಾಯೆಗೆ ಕಟ್ಟುಪಾಡು ಇರಬೇಕು ಎಂಬುದೂ ಪಾತ್ರ ತಾನೇ ತೀರ್ಮಾನ ಮಾಡಬೇಕಾಗಿ ಬರಲಿ ಎಂದೇ. ಸತ್ಯಜಿತ್ ರಾಯ್ ಅವರ 'ಗೂಪಿ ಗಾಯ್ನೆ ಬಾಘಾ ಬಾಯ್ನೆ'ಯಲ್ಲಿ (1969) ಭೂತರಾಜ ಕೊಟ್ಟ ಕೆಲವು ವರಗಳು ಫಲಿಸಬೇಕಾದರೆ ಗೂಪಿ, ಬಾಘಾ ಇಬ್ಬರೂ ಒಬ್ಬರ ಕೈಗೆ ಇನ್ನೊಬ್ಬರು ಕೈ ತಟ್ಟಬೇಕು. ಒಬ್ಬನೇ ಸಿಕ್ಕಿಬಿದ್ದರೆ ಆ ವರಗಳು ಇದ್ದೂ ಇಲ್ಲ. ಆಗ ಬುದ್ಧಿ ಓಡಿಸುವುದು ಅವರ ಪಾಲಿಗೆ ಬರುತ್ತದೆ.

ಇನ್ನು ನಟನೆ. ಪಾತ್ರ ಬಡವಾಗಿದ್ದರೆ ಬಾಲನಟರನ್ನು ಬೈಯುವುದು ನಮಗೆ ರೂಢಿ. ಬಹುಪಾಲು ಅದು ಬರವಣಿಗೆಯ ತಪ್ಪು. ಮಗುವಿನ ಕ್ಲೋಸಪ್‌ಗಳನ್ನು ಗಮನಿಸಿ. ಪ್ರತಿ ಸಲವೂ ಬಾಯಿ ತೆರೆದು ಮೇಲೆ ನೋಡುತ್ತಾ ಬೆರಗಾಗುವುದೊಂದೇ ಅದರ ಕೆಲಸವೇ? ಹಾಗಿದ್ದರೆ ನಿರ್ದೇಶಕರು ಆ ಮಗುವನ್ನು ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದ್ದಾರೆ. ಈ ಕಣ್ಣು ಪಳಗಲು ಗ್ರಾಫಿಕ್ಸ್ ಇಲ್ಲದ ಕಡೆ ಹೋಗುವುದು ಒಳ್ಳೆಯದು. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದ 'ಆಹಾ!' ಮಕ್ಕಳ ರಂಗೋತ್ಸವಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ರಂಗದ ಮೇಲೆ ರಾಕ್ಷಸ ಒಂದು ಬಟ್ಟೆಯ ತುಂಡಿನಲ್ಲಿ ಹುಟ್ಟಬಹುದು. ಅವನು ನಿಜ ಅನಿಸುವುದು ಎದುರಿಗಿರುವ ಪಾತ್ರ ನಿಜವಾಗಿ ಹೆದರಿದಾಗ, ಹೆದರಿಯೂ ಹೆಜ್ಜೆ ಮುಂದಿಟ್ಟಾಗ. ಬನಶಂಕರಿ ಎರಡನೇ ಹಂತದಲ್ಲಿ, 1971ರಲ್ಲಿ ಶುರುವಾದ ಸುಚಿತ್ರ ಫಿಲಂ ಸೊಸೈಟಿಯ ನೆಲೆಯಿದೆ. ಚಿತ್ರ ನೋಡಿದ ಮೇಲೆ ಕೂತು ಮಾತಾಡುವ ಅಭ್ಯಾಸವನ್ನು ಈ ಭಾಗದವರಿಗೆ ಹಚ್ಚಿದ ಜಾಗ ಅದು.

ಮಕ್ಕಳೆದುರು ವಿಮರ್ಶೆ ಮಾಡುವಾಗ ಮಾತ್ರ ತೀರ್ಪು ಕೊಡಬೇಡಿ. "ಸೂಪರ್!" ಎಂದು ಕುಣಿಯುತ್ತಿರುವ ಮಗುವಿಗೆ ಪಾತ್ರಪೋಷಣೆಯ ಪಾಠ ಬೇಕಿಲ್ಲ. ನಮಗೆ ಇಂಟರ್ವಲ್ ಎಂಬ ವರವೇ ಇದೆ, ಅದನ್ನು ಬಳಸಿಕೊಳ್ಳಿ. ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಾಗ "ಈಗ ಅವಳು ಏನು ಮಾಡಬೇಕು, ಹೇಳು" ಎಂದು ಕೇಳಿ. ಮಗು ಎರಡು ಮೂರು ಉಪಾಯ ಹೇಳಿ, ಅದರಲ್ಲಿ ಯಾವುದು ಸರಿ ಎಂದು ತನ್ನ ಜೊತೆಗೇ ಜಗಳಕ್ಕೆ ಬಿದ್ದರೆ ಪಾತ್ರ ಗಟ್ಟಿಯಾಗಿದೆ. "ಆ ತಾತ ಬಂದು ಮಂತ್ರ ಹಾಕ್ತಾನೆ" ಎಂದಷ್ಟೇ ಹೇಳಿದರೆ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೆ ಹೋಗಿ, ತಾತ ಬರುವವರೆಗೆ ಆ ಹುಡುಗಿಯ ಕೈಗಳು ಏನು ಮಾಡುತ್ತಿವೆ ಎಂದು ನೋಡಿ.