ಎರಡು ಸಾವಿರ ಮೀಟರಿನ ಚಹಾ

ದೆಹಲಿಯಲ್ಲಿ ಚಹಾ ಅಂದರೆ ಶುಂಠಿ ಜಜ್ಜಿ, ಹಾಲು ಸಕ್ಕರೆ ಸುರಿದು, ಬಣ್ಣ ಕೆಂಪಗಾಗುವ ತನಕ ಕುದಿಸಿದ್ದು. ಇಪ್ಪತ್ತೆರಡು ವರ್ಷ ಆಫೀಸಿನಲ್ಲಿ ಅದನ್ನೇ ಕುಡಿದು, ಮನೆಗೆ ಬಂದಮೇಲೆ ಊರಿಂದ ತರಿಸಿದ ಕಾಫಿಪುಡಿಯನ್ನು ಫಿಲ್ಟರಿಗೆ ಹಾಕುವ ನನ್ನಂಥವನು ತೈವಾನಿನ ಊಲಾಂಗ್ ಬಗ್ಗೆ ತೀರ್ಪು ಕೊಡೋದು ಅಧಿಕಪ್ರಸಂಗವೇ. ಆದರೂ ಕೊಡುತ್ತೇನೆ. ಯಾಕೆಂದರೆ ಈ ಚಹಾ ಕುಡಿಯುವವರ ನಡುವೆ ನಡೆಯುವ ಮಾತೆಲ್ಲ ಎತ್ತರದ ಮಾತು, ರುಚಿಯ ಮಾತು ಕಡಿಮೆ.

ಸಹೋದ್ಯೋಗಿಯೊಬ್ಬರು ತೈಪೆಯಿಂದ ಮೂರು ಪೊಟ್ಟಣ ತಂದುಕೊಟ್ಟಿದ್ದರು: ಡಾಂಗ್ ಡಿಂಗ್, ಅಲಿಶಾನ್, ಲಿಶಾನ್. ಕೊಡುವಾಗ ಅವರು ಹೇಳಿದ್ದೂ ಮೀಟರ್ ಲೆಕ್ಕವನ್ನೇ. ಸಾವಿರ ಮೀಟರಿಗಿಂತ ಮೇಲೆ ಬೆಳೆದರೆ ಮಾತ್ರ ಅದು ‘ಎತ್ತರದ ಬೆಟ್ಟದ ಚಹಾ’. ಲಿಶಾನಿನ ತೋಟಗಳು ಎರಡು ಸಾವಿರ ಮೀಟರನ್ನೂ ದಾಟಿ ಹೋಗುತ್ತವೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರ್. ಅದರ ನೆತ್ತಿಯಿಂದಲೂ ಮೇಲೆ ಚಹಾ ತೋಟ ಅಂದರೆ ಊಹಿಸಿಕೊಳ್ಳಿ. ಡಾಂಗ್ ಡಿಂಗ್ ಅಂದರೆ ‘ಹೆಪ್ಪುಗಟ್ಟಿದ ಶಿಖರ’ವಂತೆ. ಹೆಸರು ಇಷ್ಟು ದೊಡ್ಡದಾದರೂ ಅದು ಸಾವಿರ ಮೀಟರಿಗಿಂತ ಕೆಳಗಿನ ಗುಡ್ಡ! ಹೀಗಾಗಿ ಈಗಿನ ಶ್ರೀಮಂತ ಸಭೆಯಲ್ಲಿ ಅದಕ್ಕೆ ಹಿಂದಿನ ಬೆಂಚು.

ಎತ್ತರದ ಮಹಿಮೆ ಪೂರ್ತಿ ಸುಳ್ಳಲ್ಲ ಅನ್ನೋದನ್ನೂ ಹೇಳಬೇಕು. ಮೇಲೆ ಚಳಿ, ಮಧ್ಯಾಹ್ನವಾದರೆ ಮಂಜು, ಬಿಸಿಲು ಕಡಿಮೆ. ಎಲೆ ನಿಧಾನ ಬೆಳೆದು ದಪ್ಪಗಾಗುತ್ತದೆ. ಕಹಿ, ಒಗರು ಕೊಡುವ ಅಂಶ ಕಡಿಮೆಯಾಗಿ ಸಿಹಿ, ಸಾರ ಕೊಡುವ ಅಮೈನೋ ಆಮ್ಲಗಳು ಉಳಿಯುತ್ತವೆ. ಆದರೆ ಬೆಟ್ಟ ಕೊಡುವುದು ಎಲೆಯನ್ನು ಮಾತ್ರ. ಅದನ್ನು ಚಹಾ ಮಾಡುವವನು ಮನುಷ್ಯ. ಕಿತ್ತ ಎಲೆಯನ್ನು ಬಿಸಿಲಲ್ಲಿ ಬಾಡಿಸಬೇಕು, ರಾತ್ರಿಯೆಲ್ಲ ಆಗಾಗ ಕೈಯಿಂದ ಕದಡಿ ಅಂಚು ಮಾತ್ರ ಕೆಂಪಾಗುವಷ್ಟು ಗಾಳಿಗೆ ಬಿಡಬೇಕು, ಸರಿಯಾದ ಗಳಿಗೆಗೆ ಬೆಂಕಿ ತೋರಿಸಿ ನಿಲ್ಲಿಸಬೇಕು, ಆಮೇಲೆ ಬಟ್ಟೆಯಲ್ಲಿ ಗಂಟುಕಟ್ಟಿ ಮತ್ತೆ ಮತ್ತೆ ಉರುಳಿಸಬೇಕು. ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವೆ ನಿಲ್ಲುವ ಈ ಊಲಾಂಗ್ ಕಿತ್ತ ದಿನ ಮಳೆ ಬಂದು ಎಲೆ ಸರಿಯಾಗಿ ಬಾಡದಿದ್ದರೆ ಹಸಿ ಸೊಪ್ಪಿನ ವಾಸನೆ ಹೊಡೆಯುತ್ತದೆ. ಆಗ ಎರಡೂವರೆ ಸಾವಿರ ಮೀಟರ್ ಏನು ಮಾಡೀತು?

ಎತ್ತರಕ್ಕೆ ಇನ್ನೊಂದು ಬೆಲೆಯೂ ಇದೆ. ಲಿಶಾನ್ ಅಂದರೆ ಪೇರು ಹಣ್ಣಿನ ಬೆಟ್ಟ. 1960ರಲ್ಲಿ ತೆರೆದ ಅಡ್ಡ ಹೆದ್ದಾರಿಯನ್ನು ಕಡಿದ ನಿವೃತ್ತ ಸೈನಿಕರಲ್ಲಿ ಅನೇಕರು ಅಲ್ಲೇ ನೆಲೆಸಿ ಹಣ್ಣಿನ ತೋಟ ಮಾಡಿದರು; ಚಹಾ ಆಮೇಲೆ ಬಂದದ್ದು. 1999ರ ಸೆಪ್ಟೆಂಬರ್ ಭೂಕಂಪದಲ್ಲಿ ಆ ಹೆದ್ದಾರಿ ಮುರಿಯಿತು. 2009ರ ಮೊರಾಕೊಟ್ ಚಂಡಮಾರುತಕ್ಕೆ ಅಲಿಶಾನ್ ಕಡೆಯ ಗುಡ್ಡಗಳು ಜರಿದವು. 2018ರ ಕೊಡಗನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇರಲಿ, ಕುಡಿಯೋಣ. ಆರು ಗ್ರಾಂ ಎಲೆ, ನೂರಿಪ್ಪತ್ತು ಮಿಲಿ ಹಿಡಿಸುವ ಮುಚ್ಚಳದ ಬಟ್ಟಲು, ಕುದಿದು ಒಂದು ಗಳಿಗೆ ಬಿಟ್ಟ ನೀರು. ಒಂದು ನಿಮಿಷವೂ ಬೇಡ, ಬಗ್ಗಿಸಿಕೊಳ್ಳಬೇಕು. ಅಲಿಶಾನ್ ಬೇಗ ಒಲಿಯುತ್ತದೆ. ಹೂವಿನ ಪರಿಮಳ, ಹಗುರ, ಯಾರಿಗೂ ಬೇಡವೆನಿಸದು. ಮೂರನೆಯ ನೀರಿಗೆ ಅದರ ಮಾತು ಮುಗಿಯಿತು. ಲಿಶಾನಿನ ಮೊದಲ ಬಟ್ಟಲು ನನಗೆ ಬರೀ ಬಿಸಿನೀರಿನ ಹಾಗೆ ಕಂಡಿತು. ಸುಳ್ಳು ಹೇಳಲಾರೆ, ಅದರ ಬೆಲೆ ಗೊತ್ತಿದ್ದರಿಂದ ಸಹೋದ್ಯೋಗಿಯ ಮುಂದೆ ‘ಅದ್ಭುತ’ ಅಂದೆ. ಎರಡನೆಯದು ಗಂಜಿತಿಳಿಯ ಹಾಗೆ ನಾಲಿಗೆಯ ಮೇಲೆ ನುಣ್ಣಗೆ ಜಾರಿತು. ರುಚಿ ಏನೆಂದು ಹುಡುಕುತ್ತಿರುವಾಗಲೇ ಮುಗಿಯಿತು. ಡಾಂಗ್ ಡಿಂಗನ್ನು ಹಳೇ ಕ್ರಮದಂತೆ ಹದವಾಗಿ ಹುರಿದಿದ್ದರು. ಹುರಿದ ಅಕ್ಕಿಯ ವಾಸನೆ, ಕೊನೆಯಲ್ಲಿ ತೆಳ್ಳನೆ ಒಗರು. ಕಾಫಿಯವನಿಗೆ ಕೂಡಲೇ ಹತ್ತಿರವಾಗುವುದು ಇದೇ.

ಒಗರು ಅನ್ನೋ ಮಾತು ಬಂತಲ್ಲ. ಎಳೆ ಅಡಿಕೆ ಅಗಿದ ನಾಲಿಗೆಗೆ ಕಹಿ ಬೇರೆ, ಒಗರು ಬೇರೆ ಅಂತ ಯಾರೂ ಕಲಿಸಬೇಕಿಲ್ಲ. ಚಹಾ ತೂಗುವುದಕ್ಕೆ ಇದೊಂದು ಪದ ಸಾಕು, ಆರ್ಕಿಡ್ಡು, ಅನಾನಸ್ಸು ಅಂತ ಪಟ್ಟಿ ಓದುವವರಿಗಿಂತ ನಾವು ಮುಂದಿದ್ದೇವೆ ಅಂತ ನನ್ನ ಜಂಬ.

ಜಂಬ ಇಳಿದದ್ದೂ ಉಂಟು. ಇಲ್ಲಿನ ಅಂಗಡಿಯೊಂದರಲ್ಲಿ ‘ಹಾಲಿನ ಊಲಾಂಗ್’ ಅಂತ ದುಬಾರಿ ಡಬ್ಬಿ ಕೊಂಡೆ. ಮುಚ್ಚಳ ತೆಗೆದರೆ ಪೇಡೆ ಅಂಗಡಿಯ ವಾಸನೆ. 1981ರಲ್ಲಿ ತೈವಾನಿನ ಸಂಶೋಧನಾ ಕೇಂದ್ರ ಹೊರತಂದ ಜಿನ್ ಶ್ವಾನ್ ಎಂಬ ತಳಿಗೆ ಸಹಜವಾಗಿಯೇ ಸಣ್ಣ ಹಾಲಿನ ಕಂಪಿದೆ. ನನ್ನ ಡಬ್ಬಿಯದು ಮೇಲಿಂದ ಹಚ್ಚಿದ್ದು. ಬೆರೆಸಿದ ಪರಿಮಳ ಮೊದಲ ಬಟ್ಟಲಿನಲ್ಲಿ ಕೂಗಾಡಿ ಮೂರನೆಯದಕ್ಕೆ ಊರು ಬಿಡುತ್ತದೆ. ವಿಯೆಟ್ನಾಮಿನ ಎಲೆ ತೈವಾನಿನ ಹೆಸರಿನಲ್ಲಿ ಮಾರಾಟವಾದ ಪ್ರಕರಣಗಳೂ ಇವೆ. ಎತ್ತರಕ್ಕೇ ದುಡ್ಡು ಕೊಡುವವರಿದ್ದಾಗ ಎತ್ತರವನ್ನು ಕಾಗದದ ಮೇಲೆ ಬೆಳೆಯುವುದು ಸುಲಭ.

ಹಾಗಾದರೆ ಲಿಶಾನ್ ದೊಡ್ಡದಲ್ಲವೇ? ದೆಹಲಿಯಲ್ಲಿ ನನ್ನ ಉತ್ತರ ‘ಅಲ್ಲ’ ಅಂತಲೇ ಇತ್ತು. ಆ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗುವಾಗ ಉಳಿದ ಪೊಟ್ಟಣವನ್ನೂ ಒಯ್ದಿದ್ದೆ. ನಮ್ಮ ಬಡಾವಣೆಯ ನೀರು ಪಾತ್ರೆಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಯಂತ್ರದಲ್ಲಿ ಸೋಸಿದರೆ ಜೀವವೇ ಇಲ್ಲದ ನೀರು. ಊರ ಬಾವಿಯದು ಮೆದು ನೀರು. ಅದೇ ಎಲೆ, ಅದೇ ಬಟ್ಟಲು. ಎರಡನೆಯ ನೀರು ನುಂಗಿದ ಮೇಲೆ ಗಂಟಲಿನ ಹಿಂದಿನಿಂದ ಏನೋ ಮೆಲ್ಲಗೆ ಎದ್ದು ಬಂತು. ಚೀನೀಯರು ಅದನ್ನು ‘ಹ್ವೇ ಗಾನ್’ ಅನ್ನುತ್ತಾರೆ, ಮರಳಿ ಬರುವ ಸಿಹಿ. ಪುಸ್ತಕದಲ್ಲಿ ಓದಿದ್ದ ಮಾತು. ದೆಹಲಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ತಪ್ಪು ಚಹಾದ್ದು ಅಂತ ತೀರ್ಪು ಬರೆದಿಟ್ಟವನು ನಾನು. ಆ ಸಿಹಿ ನಾಲ್ಕು, ಐದು, ಆರನೆಯ ಬಟ್ಟಲಿನವರೆಗೂ ಬಂತು. ಅಲಿಶಾನ್ ಇಷ್ಟು ದೂರ ಬಾರದು, ಡಾಂಗ್ ಡಿಂಗ್ ಬಂದರೂ ಬೇರೆ ದಾರಿಯಲ್ಲಿ ಬರುತ್ತದೆ. ಈಗ ಕೇಳಿದರೆ ದಿನಾ ಕುಡಿಯಲು ಡಾಂಗ್ ಡಿಂಗ್, ಒಳ್ಳೆ ನೀರು ಸಿಕ್ಕ ದಿನ ಲಿಶಾನ್ ಅನ್ನುತ್ತೇನೆ.

ಅಮ್ಮನಿಗೂ ಒಂದು ಬಟ್ಟಲು ಕೊಟ್ಟೆ. ಹಾಲಿಲ್ಲದ್ದನ್ನು ಕಷಾಯ ಅನ್ನುವವಳು ಅವಳು. ಕುಡಿದು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ, “ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗಾಯ್ತಲ್ಲೋ” ಅಂದಳು. ಬಟ್ಟಲಿನಲ್ಲಿ ಬಿಚ್ಚಿಕೊಂಡಿದ್ದ ಎಲೆಗಳನ್ನು, ತೊಟ್ಟಿನ ಸಮೇತ ಇಡಿಯಾಗಿದ್ದವು, ಬೆರಳಿಂದ ಹರಡಿ ನೋಡಿದಳು. ಆಮೇಲೆ ಎದ್ದು ಒಲೆಯ ಮೇಲೆ ಹಾಲಿಟ್ಟಳು, ಕಾಫಿಯ ಹೊತ್ತಾಗಿತ್ತು.