ಹೆಚ್ಚಿನ ಬಡ್ಡಿ ಸದಸ್ಯತ್ವದ ಲಾಭವಲ್ಲ

ಸೆಪ್ಟೆಂಬರ್ ಬಂತೆಂದರೆ ಮೈಸೂರಿನ ಕಲ್ಯಾಣ ಮಂಟಪಗಳಲ್ಲಿ ಮದುವೆ ಇಲ್ಲದ ದಿನವೂ ಕೇಸರಿಬಾತಿನ ಘಮ ಇರುತ್ತದೆ. ಪತ್ತಿನ ಸಹಕಾರ ಸಂಘಗಳ ಸರ್ವಸದಸ್ಯರ ಸಭೆ ನಡೆಯುವ ಕಾಲ ಅದು. ಕಳೆದ ವರ್ಷ ನಾನು ಸದಸ್ಯನಾಗಿರುವ ಸಂಘದ ಸಭೆಗೆ ಹೋಗಿದ್ದೆ. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ವಾರ್ಷಿಕ ವರದಿಯನ್ನೂ ಒಂದು ಸಿಹಿ ಪೊಟ್ಟಣವನ್ನೂ ಕೈಗಿತ್ತರು. ಸೆಕೆಗೆ ಹಲವರಿಗೆ ಆ ವರದಿಯೇ ಬೀಸಣಿಗೆಯಾಯಿತು. ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಮುಗಿದು ಲೆಕ್ಕಪತ್ರ ಓದುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ‘ಅನುಮೋದಿಸಬಹುದೇ?’ ಎಂದರು. ಮುಂದಿನ ಸಾಲಿನಿಂದ ‘ಆಗಬಹುದು’ ಎಂದಿತು ಒಂದು ದನಿ. ಒಂದು ವರ್ಷದ ಹಣಕಾಸು ಅಷ್ಟರಲ್ಲೇ ಇತ್ಯರ್ಥವಾಯಿತು.

ಸಂಘ ಸೇರಿದರೆ ಏನು ಲಾಭ ಎಂದು ಇದೇ ಜನರನ್ನು ಕೇಳಿ ನೋಡಿ. ಬ್ಯಾಂಕಿಗಿಂತ ಠೇವಣಿಗೆ ಬಡ್ಡಿ ಜಾಸ್ತಿ, ಸಾಲ ಬೇಗ ಸಿಗುತ್ತದೆ, ವರ್ಷಕ್ಕೊಮ್ಮೆ ಡಿವಿಡೆಂಡ್ ಬರುತ್ತದೆ ಎನ್ನುತ್ತಾರೆ. ಸಂಘಗಳೂ ಇದನ್ನೇ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತವೆ. ಈ ಎಣಿಕೆಯೇ ತಪ್ಪು ಎಂಬುದು ನನ್ನ ವಾದ.

ಹೆಚ್ಚಿನ ಬಡ್ಡಿ ಆಕಾಶದಿಂದ ಉದುರುವುದಿಲ್ಲ. ಸಭೆಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತ ಸಾಲಗಾರ ಸದಸ್ಯ ಅದನ್ನು ಕಟ್ಟಬೇಕು. ಇಲ್ಲವೇ ಜಾಮೀನು ಸರಿಯಾಗಿ ನೋಡದೆ ಕೊಟ್ಟ ಸಾಲದಿಂದ ಅದು ಬರಬೇಕು. ಮೊದಲನೆಯದಾದರೆ ಸಹಕಾರದ ಹೆಸರಿನಲ್ಲಿ ನಮ್ಮವರನ್ನೇ ಹಿಂಡಿದಂತೆ, ಎರಡನೆಯದಾದರೆ ನಮ್ಮ ಅಸಲಿಗೇ ಕುತ್ತು. ಬ್ಯಾಂಕುಗಳಿಗಿಂತ ಎಷ್ಟೋ ಮೇಲೆ ಬಡ್ಡಿ ಕೊಡುತ್ತೇವೆಂಬ ಫಲಕ ಕಂಡರೆ ನಿಂತು ಯೋಚಿಸಬೇಕು.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತೇ ಇಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು. ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಕ್ಕೂ ಸೌಹಾರ್ದ ಪತ್ತಿನ ಸಹಕಾರಿಗೂ ಇಲ್ಲ. ಬೋರ್ಡಿನ ಮೇಲೆ ‘ಬ್ಯಾಂಕ್’ ಎಂಬ ಒಂದು ಪದ ಇದೆಯೋ ಇಲ್ಲವೋ ಎಂಬುದರಲ್ಲಿ ನಿವೃತ್ತರೊಬ್ಬರ ಇಡಿಗಂಟಿನ ಭವಿಷ್ಯ ನಿಂತಿರುತ್ತದೆ. ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳ ಹೊಗಳಿಕೆಯನ್ನು ನಮ್ಮ ಸಂಘಗಳಿಗೆ ಹಾಗೇ ಅಂಟಿಸುವವರು ಇದನ್ನು ಮರೆಯುತ್ತಾರೆ. ಅಲ್ಲಿ ಒಕ್ಕೂಟ ಸರ್ಕಾರದ ವಿಮೆ 2,50,000 ಡಾಲರ್‌ವರೆಗೆ ಇದೆ. ವಿಮೆ ಇದ್ದರೂ ಪಾಡು ತಪ್ಪಿದ್ದಲ್ಲ ಎಂಬುದಕ್ಕೆ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಸಾಕ್ಷಿ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರಿಗೆ ತೆಗೆಯಲು ಸಿಕ್ಕಿದ್ದು 35,000 ರೂಪಾಯಿ.

ಹಾಗಾದರೆ ಸಂಘಗಳೇ ಬೇಡವೆ? ‘ಸಹಕಾರ ಎಂದರೆ ಪಂಗನಾಮ’ ಎಂದು ಕೈತೊಳೆದುಕೊಳ್ಳುವ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ನಾಡಿನಲ್ಲಿ ಇದು ಬಡ್ಡಿಯ ಆಸೆಗೆ ಹುಟ್ಟಿದ್ದಲ್ಲ. 1904ರ ಕಾನೂನು ಬಂದ ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು, ರೈತನನ್ನು ಸಾಹುಕಾರನ ಬಾಗಿಲಿನಿಂದ ಬಿಡಿಸಲು. ಆ ಬಾಗಿಲು ಇಂದಿಗೂ ಮುಚ್ಚಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೂವಿಗೆ ಹಾಕಲು ಹಣ ಬೇಕಾದ ಹೆಂಗಸಿಗೆ ಸಂಬಳದ ಚೀಟಿ ಇಲ್ಲ, ಆಸ್ತಿ ಪತ್ರ ಇಲ್ಲ. ಅವಳ ಪಿಗ್ಮಿ ಪುಸ್ತಕ ನೋಡಿ, ಪಕ್ಕದ ಅಂಗಡಿಯವರಿಬ್ಬರ ಜಾಮೀನು ಪಡೆದು ಸಾಲ ಕೊಡಬಲ್ಲ ಜಾಗವೆಂದರೆ ಅವಳನ್ನು ಬಲ್ಲ ಸಂಘ. ಅದಿಲ್ಲದಿದ್ದರೆ ಮೀಟರ್ ಬಡ್ಡಿಯೇ ಗತಿ. ಸಂಬಳದಲ್ಲೇ ಕಂತು ಹಿಡಿದುಕೊಳ್ಳುವ ನೌಕರರ ಸಂಘಗಳು ಎಷ್ಟು ಮನೆಗಳ ಮದುವೆ, ಶಾಲಾ ಶುಲ್ಕ ದಾಟಿಸಿವೆ ಎಂಬುದು ಈ ಊರಿನ ಹಳಬರಿಗೆ ಗೊತ್ತು.

ಇದಕ್ಕಿಂತ ದೊಡ್ಡದು ಮತ. ಐದು ಸಾವಿರದ ಷೇರಿದ್ದರೂ ಐದು ಲಕ್ಷದ ಷೇರಿದ್ದರೂ ಒಬ್ಬರಿಗೆ ಒಂದೇ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. 1913ರಲ್ಲಿ ಶುರುವಾದ, ಹೆಸರಲ್ಲೇ ಮೈಸೂರು ಇದ್ದ ಬ್ಯಾಂಕು ಅದು. ದಶಕಗಟ್ಟಲೆ ಖಾತೆ ಇಟ್ಟ ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ, ನಾವು ಗ್ರಾಹಕರು. ಸಂಘದಲ್ಲಿ ನಾವು ಒಡೆಯರು. ಆಡಳಿತ ಮಂಡಳಿಯನ್ನು ಇಳಿಸುವ ಅಧಿಕಾರ ನಮ್ಮದು. ಸದಸ್ಯತ್ವದ ನಿಜವಾದ ಲಾಭ ಇದೇ, ಮತ್ತು ನಾವು ಬಳಸದೆ ಬಿಟ್ಟಿರುವುದೂ ಇದನ್ನೇ. ಠೇವಣಿ ಇಡಲೆಂದು ಬಂದವರನ್ನು ‘ಸಹ ಸದಸ್ಯ’ರನ್ನಾಗಿ ಮಾಡಿಕೊಳ್ಳುವ ಸಂಘಗಳೂ ಇವೆ. ಅವರಿಗೆ ಮತವೇ ಇಲ್ಲ. ರಸೀದಿಯಲ್ಲಿ ಆ ಎರಡು ಪದ ಇದ್ದರೂ ಯಾರೂ ಓದುವುದಿಲ್ಲ.

ಈ ಸೆಪ್ಟೆಂಬರಿನಲ್ಲಿ ನಿಮ್ಮ ಸಂಘದ ಸಭೆಗೆ ಹೋದಾಗ ವರದಿಯನ್ನು ಬಿಚ್ಚಿ ಓದಿ. ಕೊಟ್ಟ ಸಾಲದಲ್ಲಿ ಸುಸ್ತಿ ಎಷ್ಟು, ನಿರ್ದೇಶಕರ ಮತ್ತು ಅವರ ನೆಂಟರ ಹೆಸರಿನಲ್ಲಿರುವ ಸಾಲ ಎಷ್ಟು, ಲೆಕ್ಕಪರಿಶೋಧಕರು ಯಾವ ವರ್ಗ ಕೊಟ್ಟಿದ್ದಾರೆ ಎಂದು ಎದ್ದುನಿಂತು ಕೇಳಿ. ಉತ್ತರ ಬರುವವರೆಗೆ ‘ಆಗಬಹುದು’ ಎನ್ನಬೇಡಿ.