ಪಿಚ್ವಾಯಿಯ ನಡುವಿನ ಮರ

ಮಳೆಗಾಲದ ಪಿಚ್ವಾಯಿಯ ಮುಂದೆ ನಿಂತರೆ ಕಣ್ಣು ಮೊದಲು ಹೋಗುವುದು ಗೋಪಿಯರ ಸೀರೆ, ಒಡವೆಗಳ ಮೇಲೆ. ಅವುಗಳಿಗೆ ಆಮೇಲೆ ಬನ್ನಿ, ಮೊದಲು ನಡುವಿನ ಮರ ನೋಡಿ. ಅದು ಸಾಮಾನ್ಯವಾಗಿ ಕದಂಬ, ಬನವಾಸಿಯ ಅರಸುಮನೆತನಕ್ಕೆ ಹೆಸರು ಕೊಟ್ಟ ಮರ. ಮಳೆ ಹಿಡಿದಾಗ ಚೆಂಡಿನಂಥ ಹೊಂಬಣ್ಣದ ಹೂ ಬಿಡುತ್ತದೆ. ಇಕ್ಕೆಲದ ಗೋಪಿಯರೆಲ್ಲ ಅದರತ್ತಲೇ ಮುಖ ಮಾಡಿದ್ದಾರೆ. ಕೃಷ್ಣ ಮಾತ್ರ ಎಲ್ಲೂ ಇಲ್ಲ.

ಯಾಕಿಲ್ಲ? ಇದು ಗೋಡೆಯ ಚಿತ್ರವಲ್ಲ, ದೇವರ ಬೆನ್ನ ಹಿಂದೆ ತೂಗುಬಿಡುವ ಪರದೆ. ರಾಜಸ್ಥಾನದ ನಾಥದ್ವಾರದಲ್ಲಿ 1672ರಿಂದ ನೆಲೆಸಿರುವ ಶ್ರೀನಾಥಜಿ ಎಡಗೈ ಮೇಲೆತ್ತಿ ಗೋವರ್ಧನ ಹೊತ್ತ ಬಾಲಕೃಷ್ಣ. ಆ ಕಪ್ಪು ಶಿಲಾಮೂರ್ತಿ ಪರದೆಯ ಮುಂದೆ ನಿಂತಾಗ ಚಿತ್ರ ಪೂರ್ತಿಯಾಗುತ್ತದೆ. ಬಟ್ಟೆಯ ಮೇಲಿನ ಬೃಂದಾವನ ಅವನ ಸುತ್ತ ಹರಡಿಕೊಳ್ಳುತ್ತದೆ. ಮೂರ್ತಿಯನ್ನೇ ಬಿಡಿಸಿದ ಪಿಚ್ವಾಯಿಗಳೂ ಉಂಟು. ಆದರೆ ನನಗೆ ಮರವಿರುವುದೇ ಹೆಚ್ಚು ಆಳವಾಗಿ ಕಾಣುತ್ತದೆ. ಸಂಗ್ರಹಾಲಯದಲ್ಲಿ ಮುಂದೆ ಮೂರ್ತಿಯಿಲ್ಲ. ಆಗ ಮರವೇ ಅವನಾಗುತ್ತದೆ, ಗೋಪಿಯರ ಕಾಯುವಿಕೆ ನಮ್ಮದಾಗುತ್ತದೆ. ಕವಿಗಳು ವಿರಹವೆಂದು ಹಾಡಿದ್ದನ್ನು ಇಲ್ಲಿ ಒಂದು ಗೆರೆಯ ಅಳಲೂ ಇಲ್ಲದೆ ಬಣ್ಣದಲ್ಲಿ ಹೇಳಿದ್ದಾರೆ. ಯಾರ ಮುಖದಲ್ಲೂ ಕಣ್ಣೀರಿಲ್ಲ. ಇರುವುದು ಎತ್ತಿದ ಕೈ, ನೆಟ್ಟ ನೋಟ.

ಇನ್ನು ಮೇಲಕ್ಕೆ ನೋಡಿ. ಕಪ್ಪು ಮೋಡ, ಹಾವಿನಂತೆ ಹರಿದ ಮಿಂಚು, ಸಾಲಾಗಿ ಹಾರುವ ಬೆಳ್ಳಕ್ಕಿ. ಮೋಡದ ಬಣ್ಣವೂ ಶ್ಯಾಮನ ಮೈಬಣ್ಣವೂ ಒಂದೇ. ಹಾಗಾಗಿ ಅವನು ಕಾಣದಿದ್ದರೂ ಆಕಾಶದ ತುಂಬ ಇದ್ದಾನೆ. ನವಿಲು ಸಂಭ್ರಮಿಸುವುದೂ ಅದಕ್ಕೇ.

ಪರದೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಬೇಸಿಗೆಗೆ ದೇವರಿಗೆ ತಂಪಾಗಲೆಂದು ಕಮಲ ತುಂಬಿದ ಕೊಳ, ಶರತ್ಪೂರ್ಣಿಮೆಗೆ ತಿಂಗಳ ಬೆಳಕಿನ ರಾಸ, ಗೋಪಾಷ್ಟಮಿಗೆ ಹಸುಗಳು. ದಖ್ಖನಿನಲ್ಲಿ ಆದ ಪಿಚ್ವಾಯಿಗಳ ಬೆಡಗೇ ಬೇರೆ: ನೀಲಿ ಅದ್ದಿದ ಹತ್ತಿಬಟ್ಟೆಯ ಮೇಲೆ ಚಿನ್ನ, ಬೆಳ್ಳಿಯ ರೇಕು. ದೀಪದ ಬೆಳಕಿಗೆಂದೇ ಮಾಡಿದಂತಿರುವ ಇವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲೂ ಇವೆ.

ಈಗ ಹೋಟೆಲು, ಮನೆಗಳ ಗೋಡೆಗೆ ಕಮಲವನ್ನೂ ಹಸುವನ್ನೂ ಬಿಡಿಬಿಡಿಯಾಗಿ ಬರೆಸಿ ಹಾಕುತ್ತಾರೆ. ಕೈಚಳಕ ಅವುಗಳಲ್ಲೂ ಇದೆ. ಆದರೆ ಋತುವೂ ಇಲ್ಲ, ಯಾರಿಗೋ ಬಿಟ್ಟ ಜಾಗವೂ ಇಲ್ಲ. ನಾಥದ್ವಾರದಲ್ಲಿ ಪಿಚ್ವಾಯಿ ಬರೆಯುವ ಚಿತ್ರಗಾರರು ಇಂದಿಗೂ ಇದ್ದಾರೆ. ಕೊಳ್ಳುವ ಮನಸ್ಸಾದರೆ ಬೆಲೆ ಕೇಳುವ ಮುಂಚೆ, ಇದು ಯಾವ ಹಬ್ಬದ ಪರದೆ ಎಂದು ಅವರನ್ನು ಕೇಳಿ.